ಟೈರು ತಿನ್ನುವ ಲಾರಿ ಮತ್ತು ಮೇಸ್ತ್ರಿಯ ಅಂಗೈ

ಹೋದ ತಿಂಗಳು ಮಗಳ ಹಳೇ ಸ್ಕೂಟರಿನ ಹಿಂದೆ ಕೂತು ಹಾಸನಕ್ಕೆ ಹೋಗಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಚಕ್ರ ಪಂಚರಾಯಿತು. ತಳ್ಳಿಕೊಂಡು ಹೋಗಿ ಒಂದು ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯವನು ಟ್ಯೂಬಿನ ತೂತಿನ ಮೇಲೆ ರಬ್ಬರ್ ತುಂಡಿಟ್ಟು, ಬಿಸಿ ಅಚ್ಚಿನಲ್ಲಿ ಬಿಗಿದ. ಸ್ವಲ್ಪ ಹೊತ್ತಿಗೆ ಬೆಂದ ರಬ್ಬರಿನ ವಾಸನೆ ಎದ್ದಿತು. ಮಗಳು ವೇಲಿನಿಂದ ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಸ್ಟೂಲು ಎಳೆದುಕೊಂಡು ಅಚ್ಚಿನ ಪಕ್ಕದಲ್ಲೇ ಕೂತೆ. “ಅಪ್ಪಾ, ತಲೆನೋವು ಬರುತ್ತೆ, ಈ ಕಡೆ ಬನ್ನಿ” ಅಂದಳು. ನನಗೆ ತಲೆನೋವು ಬರಲಿಲ್ಲ, ನಗು ಬಂತು. ಬಾಳ್ಳುಪೇಟೆಯ ಹತ್ತಿರ ಹೆದ್ದಾರಿ ಬದಿಯಲ್ಲಿದ್ದ ತಗಡಿನ ಶೆಡ್ಡು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಲಾರಿಯ ಟೈರು ಸವರುತ್ತಿದ್ದ ಮನುಷ್ಯ... ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು.

ಅವರನ್ನು ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ಆಲೂರಿನಿಂದ ಸಕಲೇಶಪುರದವರೆಗೆ ಗಾರೆ ಮೇಸ್ತ್ರಿ, ಮರದ ಮೇಸ್ತ್ರಿ ಎಷ್ಟೋ ಜನ ಇದ್ದರು. ಆದರೆ ಲಾರಿಯವರ ಬಾಯಲ್ಲಿ ಬರಿಯ ಮೇಸ್ತ್ರಿ ಅಂದರೆ ಟೈರ್ ಮೇಸ್ತ್ರಿಯೇ. ಕುಳ್ಳಗೆ, ಗುಂಡಗೆ ಇದ್ದರು. ಬೆಳಿಗ್ಗೆ ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದವರು, ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿ ಒರೆಸಿ ಅದೇ ಜಾಗಕ್ಕೆ ಮೂರೆಳೆ ಮಸಿ ಹಚ್ಚಿಕೊಂಡಿರುತ್ತಿದ್ದರು. ಕೈಯಂತೂ ಮೊಣಕೈವರೆಗೆ ಕಪ್ಪು. ಊಟಕ್ಕೆ ಕೂರುವಾಗ ಸೀಗೇಪುಡಿ ಹಾಕಿ ಉಜ್ಜಿದರೂ ಅಂಗೈಯ ಗೆರೆಗಳಲ್ಲಿ ಆ ಕಪ್ಪು ಹಾಗೇ ಉಳಿದಿರುತ್ತಿತ್ತು.

ಆ ಅಂಗೈಯೇ ಅವರ ಆಸ್ತಿ. ಲಾರಿ ಬಂದು ನಿಂತರೆ ಹಿಂದಿನ ಟೈರಿನ ಮುಂದೆ ಕೂತು, ಕಣ್ಣು ಮುಚ್ಚಿ, ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಎಡದಿಂದ ಬಲಕ್ಕೆ ಆಡಿಸುತ್ತಿದ್ದರು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಬೋಳು ಬೋಳಾಗಿ ಗುಂಡಿ ಬಿದ್ದಿದ್ದರೆ ಡ್ರೈವರ್ ಬ್ರೇಕ್ ಜಾಸ್ತಿ ಒತ್ತುತ್ತಾನೆ. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಗರಗಸದ ಹಲ್ಲಿನ ಹಾಗೆ ಕೈಗೆ ತಗುಲಿದರೆ ಚಕ್ರ ನೆಟ್ಟಗೆ ಉರುಳುತ್ತಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತಿದೆ. ಇದೆಲ್ಲ ನಮಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು. ಆದರೆ ಅವರಿಗೆ ಗೊತ್ತಾಗುತ್ತಿದ್ದದ್ದು ಅಷ್ಟೇ ಅಲ್ಲ.

ಒಂದು ಸಲ ಒಬ್ಬ ಡ್ರೈವರು ಹೆಂಡತಿಯನ್ನೂ ಕೂರಿಸಿಕೊಂಡು ಲಾರಿ ತಂದಿದ್ದ. ಮೇಸ್ತ್ರಿ ಎಡಗಡೆಯ ಹೊರಟೈರಿನ ಪಕ್ಕೆಯನ್ನು ಸವರಿ, “ದಿನಾ ಒಂದೇ ಕಡೆ ನಿಲ್ಲುಸ್ತಿಯಲ್ಲೋ, ಕಲ್ಲಿಗೆ ಉಜ್ಜಿ ಉಜ್ಜಿ ತೇದೋಗೈತೆ. ಹೊಳೆ ಸೇತುವೆ ಹತ್ರ ಜಿಲೇಬಿ ಮಾಡೋ ಹೋಟ್ಲು ಮುಂದೆ ಇಂತಾ ಕಲ್ಲೈತೆ ನೋಡು” ಅಂದರು. ಅವನಿಗೆ ಸಕ್ಕರೆ ಕಾಯಿಲೆ. ಹೆಂಡತಿ ಅವನ ಮುಖವನ್ನೇ ನೋಡಿದಳು. ಅವನು ಟೈರಿನ ಮುಖ ನೋಡಿದ. ಆಮೇಲೆ ಎಷ್ಟೋ ದಿನ ಆ ಡ್ರೈವರು ಮೇಸ್ತ್ರಿಯ ಶೆಡ್ಡಿನ ಮುಂದೆ ಹಾರ್ನ್ ಕೂಡ ಹಾಕದೆ ಹೋಗುತ್ತಿದ್ದ.

ಹೀಗಾಗಿ ಮೇಸ್ತ್ರಿ ಒಂದು ಮಾತು ಹೇಳಿದರೆ ಅದಕ್ಕೆ ಇನ್ನೊಂದು ಮಾತಿರಲಿಲ್ಲ. ನನ್ನ ವಿಷಯದಲ್ಲಿ ಕಷ್ಟಕ್ಕೆ ಬಂದದ್ದೂ ಅದೇ.

ನಾನಾಗ ಸಕಲೇಶಪುರದ ಒಬ್ಬ ಕಾಫಿ ಸಾಹುಕಾರರ ಹತ್ತು ಚಕ್ರದ ಲಾರಿ ಓಡಿಸುತ್ತಿದ್ದೆ. ಮುಂದೆ ಎರಡು ಚಕ್ರ, ಹಿಂದೆ ಎರಡು ಹೌಸಿಂಗು, ಅಂದರೆ ಚಕ್ರ ಹೊರುವ ದಪ್ಪ ಇರುಸು, ಒಂದೊಂದಕ್ಕೆ ನಾಲ್ಕು ಚಕ್ರ. ಕಾಫಿ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ಗೊಬ್ಬರವನ್ನೋ ಸುಣ್ಣವನ್ನೋ ತುಂಬಿಕೊಂಡು ಘಾಟಿ ಹತ್ತುವುದು. ಆರು ವರ್ಷ ಆ ಲಾರಿಯನ್ನು ನಾನೊಬ್ಬನೇ ಓಡಿಸಿದ್ದೆ. ಏಳನೇ ವರ್ಷ ಅದು ಟೈರು ತಿನ್ನತೊಡಗಿತು. ಕೊನೆಯ ಹೌಸಿಂಗಿನ ನಾಲ್ಕೂ ಟೈರು ಬೇರೆಯವುಗಳಿಗಿಂತ ಬೇಗ ಸವೆಯುತ್ತಿದ್ದವು, ಅದೂ ಒಂದೇ ಸಮನಾಗಿ ಅಲ್ಲ, ಇಲಿ ಕಡಿದ ಹಾಗೆ. ಹೊಸದು ಹಾಕಿದರೆ ಅದೂ ಹಾಗೇ ಆಯಿತು. ಸಾಹುಕಾರರು ಲಾರಿಯನ್ನು ಮೇಸ್ತ್ರಿಯ ಹತ್ತಿರ ತರಿಸಿ, ತಾವೂ ಬಂದರು. ಓಡಿಸಿಕೊಂಡು ಬಂದವನು ನಾನೇ.

ಮೇಸ್ತ್ರಿ ಅವತ್ತು ಬಹಳ ಹೊತ್ತು ಕೂತರು. ಅಂಗೈ ಆಡಿಸಿದರು. ಗಾಳಿ ನೋಡಿದರು. ಹಲಗೆಯ ಹಾಗೆ ಸಮನಾದ ಜಾಗದಲ್ಲಿ ಖಾಲಿ ಲಾರಿ ನಿಲ್ಲಿಸಿ, ಎಡಗಡೆ ಮುಂದಿನ ಹೌಸಿಂಗಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ದಾರ ಹಿಡಿದು ಗಂಟು ಹಾಕಿ, ಅದೇ ದಾರವನ್ನು ಬಲಗಡೆಗೂ ಹಿಡಿದರು. ಎರಡೂ ಕಡೆ ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ, ಅಂದರೆ ಹೌಸಿಂಗು ನೆಟ್ಟಗಿದೆ. ಎದ್ದು ನಿಂತು ಕೈ ಒರೆಸಿಕೊಂಡರು.

“ಗಾಡೀಲೇನೂ ಇಲ್ಲ ಸಾವ್ಕಾರ್ರೇ. ಘಾಟಿ ಇಳಿವಾಗ ಬ್ರೇಕ್ ಮೇಲೇ ಕಾಲಿಕ್ಕಂಡು ಕೂತವ್ನೆ.”

ನನ್ನ ಕಡೆ ನೋಡಲಿಲ್ಲ. ಸಾಹುಕಾರರೂ ನೋಡಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ, ಆದರೆ ಆ ಶೆಡ್ಡಿನ ಮುಂದೆ ಮೇಸ್ತ್ರಿಯ ಮಾತಿಗೆ ಎದುರಾಡಿದವರನ್ನು ನಾನು ಕಂಡೇ ಇರಲಿಲ್ಲ. ಸಾಹುಕಾರರು ಸಿಟ್ಟೂ ಮಾಡಲಿಲ್ಲ. ಕೈ ಚಾಚಿದರು, ನಾನು ಕೀ ಕೊಟ್ಟೆ, ಅಷ್ಟೆ.

ಡ್ರೈವರ್ ಕೆಲಸ ಹೋಗುವುದು ದೊಡ್ಡ ಮಾತಲ್ಲ, ಇನ್ನೊಂದು ಸಿಗುತ್ತದೆ. ಆದರೆ ಘಾಟಿಯಲ್ಲಿ ನಾನು ಗೇರಿನಲ್ಲೇ ಗಾಡಿ ಇಳಿಸುತ್ತಿದ್ದವನು. ಬ್ರೇಕ್ ಕಾದ ವಾಸನೆ ನನ್ನ ಲಾರಿಯಿಂದ ಯಾರ ಮೂಗಿಗೂ ಬಡಿದಿರಲಿಲ್ಲ. ನನ್ನ ಹೆಮ್ಮೆ ಅಂತ ಇದ್ದದ್ದು ಅದೊಂದೇ. ಲಾರಿ ಸ್ಟ್ಯಾಂಡಿನಲ್ಲಿ ಮೂರೇ ದಿನಕ್ಕೆ ನನಗೆ ‘ಬ್ರೇಕಣ್ಣ’ ಅಂತ ಹೆಸರಾಯಿತು. ಹೆಸರಿಟ್ಟವರು ಕೆಟ್ಟವರೇನಲ್ಲ, ಚಾ ಕೊಡಿಸುತ್ತಲೇ ಕರೆಯುತ್ತಿದ್ದರು. ಆ ಚಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ವನಗೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಜೀಪಿಗೆ ಡ್ರೈವರ್ ಬೇಕು ಅಂತ ತಿಳಿದು, ಹೆಂಡತಿ ಮತ್ತು ಕೂಸನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಕೆಲಸದವರ ಸಾಲುಮನೆಯ ಲೈನಿನಲ್ಲಿ ಎರಡು ಕೋಣೆಯ ಮನೆ ಕೊಟ್ಟರು. ಬೆಳಿಗ್ಗೆ ಆಳುಗಳನ್ನು ಕರೆತರುವುದು, ಸಂಜೆ ಬಿಟ್ಟು ಬರುವುದು. ಕಡಿದಾದ ದಾರಿ, ಹಳೇ ಜೀಪು, ಹಿಂದೆ ಕೂತ ಹೆಂಗಸರ ಮಾತು. ಕಷ್ಟ ಏನಿರಲಿಲ್ಲ. ಆದರೆ ದೂರದಲ್ಲಿ ಲಾರಿ ಗೇರು ಬದಲಿಸುವ ಸದ್ದು ಕೇಳಿದರೆ ಕಿವಿ ನಿಮಿರುತ್ತಿತ್ತು. ಬಾಳ್ಳುಪೇಟೆಯ ಕಡೆ ಕೆಲಸವಿದ್ದರೂ ಹೋಗುತ್ತಿರಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಆಳುಗಳನ್ನು ಇಳಿಸಿ ಬಂದು ನೋಡಿದರೆ ನಮ್ಮ ಮನೆಯ ಜಗುಲಿಯ ಮೇಲೆ ಮೇಸ್ತ್ರಿ ಕೂತಿದ್ದಾರೆ. ಬಸ್ಸಿಳಿದು ಏರು ಹತ್ತಿ ಬಂದು ಮುಖ ಕೆಂಪಾಗಿತ್ತು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ನನ್ನನ್ನು ಕಂಡವರೇ ಎದ್ದು ಜೀಪಿನ ಹತ್ತಿರ ಹೋಗಿ ಹಿಂದಿನ ಟೈರು ಸವರಿದರು.

“ಗಾಳಿ ಕಮ್ಮಿ ಐತಲ್ಲೋ ಇದ್ರಲ್ಲಿ.”

“ಇದನ್ನ ಹೇಳಕ್ಕೆ ಬಾಳ್ಳುಪೇಟೆಯಿಂದ ಬಂದ್ರಾ ಮೇಸ್ತ್ರೇ?” ಅಂದೆ.

ಅವರು ಬಂದು ಮತ್ತೆ ಜಗುಲಿಯ ಮೇಲೆ ಕೂತರು. ಹೆಂಡತಿ ಅಕ್ಕಿರೊಟ್ಟಿ, ಕಾಫಿ ತಂದಿಟ್ಟಳು. ರೊಟ್ಟಿ ಮುರಿದರು, ಚಟ್ನಿ ಚೆನ್ನಾಗಿದೆ ಅಂದರು, ಈ ಸಲ ಏಲಕ್ಕಿ ಹೇಗಿದೆ ಅಂದರು, ಕೂಸಿಗೆ ಎಷ್ಟು ವರ್ಷ ಅಂದರು. ಎರಡನೇ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ, ನೆಲ ನೋಡುತ್ತ ಹೇಳಿದರು.

“ಆ ಗಾಡಿ ಮತ್ತೆ ಟೈರ್ ತಿಂದು ಹಾಕ್ಬುಟ್ಟೈತೆ ಕಣೋ. ಅವೇ ನಾಕು. ನೀನಿಲ್ಲ ಅದ್ರಲ್ಲಿ. ಅಂದ್ಮೇಲೆ ಅವತ್ತೂ ನೀನಲ್ಲ.”

ನನಗಿಂತ ಮೊದಲು ಬಾಯಿ ತೆರೆದವಳು ನನ್ನ ಹೆಂಡತಿ. ಬಾಗಿಲಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದವಳು, “ಅಲ್ಲ ಮೇಸ್ತ್ರೇ, ಎಲ್ಲರೂ ನಿಮ್ಮ ಅಂಗೈಗೆ ಕಣ್ಣೈತೆ ಅಂತಾರೆ. ನಮ್ಮನೆಯವ್ರ ಪಾಲಿಗೆ ಅವತ್ತು ಅದು ನಿದ್ದೆ ಮಾಡ್ತಿತ್ತಾ?” ಅಂದಳು.

ನಾನು ಅವಳನ್ನು ಸುಮ್ಮನಿರಿಸಲು ಕೈ ಎತ್ತಿದೆ. ಮೇಸ್ತ್ರಿ ನನ್ನ ಕೈ ಹಿಡಿದು ಕೆಳಗಿಳಿಸಿದರು.

“ಬೈಲಿ ಬುಡೋ. ಅಂಗೈ ಎದ್ದೇ ಇತ್ತು ಕಣವ್ವ. ಗರಗಸ ಐತೆ, ಹೌಸಿಂಗು ಅಡ್ಡ ಐತೆ ಅಂತ ಅದು ಹೇಳ್ತು. ದಾರ ಹಿಡಿದ್ರೆ ಸಮ ಬಂತು. ನಾನು ದಾರನ ನಂಬ್ಬುಟ್ಟೆ. ನನ್ನಿಂದ ತಪ್ಪಾಯ್ತು. ಅದನ್ನ ಹೇಳಕ್ಕೇ ಬಂದೆ.”

ಅವಳು ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಅವರ ತಟ್ಟೆಗೆ ಹಾಕಿದಳು. ಅಲ್ಲಿಗೆ ಅವಳ ಸಿಟ್ಟು ಮುಗಿಯಿತು ಅಂತ ನನಗೆ ಗೊತ್ತಾಯಿತು. ಮೇಸ್ತ್ರಿಗೂ ಗೊತ್ತಾಗಿರಬೇಕು, ಅವತ್ತು ಮೊದಲ ಸಲ ನಕ್ಕರು.

ಆಮೇಲೆ ನನ್ನ ಕಡೆ ತಿರುಗಿ, “ಈಗ ಹೇಳು, ಆ ಗಾಡಿ ನಿನ್ನ ಕೈಲಿ ಹೆಂಗಿತ್ತು?” ಅಂದರು. ನಾನು ಹೇಳಿದೆ. ಇಳಿಯುವಾಗ ಏನೂ ಇಲ್ಲ. ಆದರೆ ಲೋಡು ತುಂಬಿಕೊಂಡು ಘಾಟಿ ಹತ್ತುವಾಗ, ತಿರುವಿನಲ್ಲಿ ಆಕ್ಸಿಲೇಟರ್ ತುಳಿದರೆ ಹಿಂದೆ ಎಲ್ಲೋ ‘ಟಕ್’ ಅನ್ನುತ್ತದೆ. ಅಲ್ಲಿಂದ ಮುಂದೆ ಸ್ಟೀರಿಂಗು ತುಸು ಎಡಕ್ಕೆ ಎಳೆಯುತ್ತದೆ. ಲೋಡು ಇಳಿಸಿದ ಮೇಲೆ ಸರಿಹೋಗುತ್ತದೆ.

ಮೇಸ್ತ್ರಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

“ಇದನ್ನ ಅವತ್ತೇ ಯಾಕೋ ಹೇಳ್ಲಿಲ್ಲ?”

“ನೀವು ಟೈರ್‌ನ ಕೇಳಿದ್ರಿ ಮೇಸ್ತ್ರೇ. ನನ್ನ ಕೇಳ್ಲಿಲ್ಲ.”

ಅವರು ರೊಟ್ಟಿಯನ್ನು ತಟ್ಟೆಗಿಟ್ಟು, ಚೀಲದೊಳಗೆ ಕೈ ಹಾಕಿ, ಅದೇ ದಾರದ ಉಂಡೆಯನ್ನು ತೆಗೆದು ಮುಂದೆ ಇಟ್ಟುಕೊಂಡರು.

ಆ ಲಾರಿ ಅವತ್ತೇ ನಮ್ಮ ಎಸ್ಟೇಟಿಗೆ ಸುಣ್ಣ ತರುವುದಿತ್ತು. ತೋಟಕ್ಕೆ ಸುಣ್ಣ ಹಾಕುವ ಕಾಲ. ಮೇಸ್ತ್ರಿ ಅದನ್ನು ವಿಚಾರಿಸಿಕೊಂಡೇ ಬಂದಿದ್ದರು. ಎಸ್ಟೇಟ್ ಆಫೀಸಿಗೆ ಹೋಗಿ, ಲೆಕ್ಕ ಬರೆಯುವ ರೈಟರನ್ನು ಕೇಳಿ ಸಾಹುಕಾರರಿಗೆ ಫೋನ್ ಮಾಡಿಸಿದರು. “ನೀವು ಈಗ್ಲೇ ಹೊರಟು ವನಗೂರಿಗೆ ಬನ್ನಿ. ಬರ್ಲಿಲ್ಲ ಅಂದ್ರೆ ನಾನೇ ನಿಮ್ಮ ಕಾಫಿ ಮಂಡಿಗೆ ಬರ್ತೀನಿ, ಪೇಟೆಯವ್ರನ್ನೆಲ್ಲ ಸೇರ್ಸಿ ಹೇಳ್ತೀನಿ” ಅಂದರು. ಏನು ಹೇಳುತ್ತಾರೆ ಅಂತ ತಿಳಿಯದೆ ಸಾಹುಕಾರರು ಗಾಬರಿಯಾಗಿ ಕಾರು ಹತ್ತಿರಬೇಕು. ಲಾರಿಗಿಂತ ಮೊದಲೇ ಬಂದರು.

ಹನ್ನೊಂದರ ಹೊತ್ತಿಗೆ ಕೆಳಗಿನ ತಿರುವಿನಲ್ಲಿ ಲಾರಿಯ ಸದ್ದು ಕೇಳಿಸಿತು. ಮೇಸ್ತ್ರಿ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಟಕ್. ಅಷ್ಟು ದೂರದಿಂದಲೂ ಕೇಳಿತು. ಅವರು ನನ್ನ ಭುಜ ತಟ್ಟಿದರು.

ಸ್ಟೋರಿನ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಇತ್ತು. ಆ ಏರುತಗ್ಗಿನ ಸೀಮೆಯಲ್ಲಿ ಸಮನಾದ ಜಾಗ ಅಂದರೆ ಅದೊಂದೇ. ಕಾಫಿ ಮುಗಿದ ಕಾಲ, ಕಣ ಖಾಲಿ ಇತ್ತು. ಮೇಸ್ತ್ರಿ ನಡುವೆ ನಿಂತು ಎರಡೂ ಕೈ ಬೀಸಿ ಲಾರಿಯನ್ನು ಅಲ್ಲಿಗೆ ಕರೆದರು. “ಬ್ರೇಕ್ ಒತ್ಬೇಡ್ವೋ. ರಿವರ್ಸ್ ಹಾಕ್ಬೇಡ. ನಿಧಾನಕ್ಕೆ ಬಂದು ಹಂಗೇ ಆಫ್ ಮಾಡು. ಚಕ್ರಕ್ಕೆ ನಾವು ಕಲ್ಲು ಕೊಡ್ತೀವಿ.”

ರೈಟರು ಆಫೀಸಿನಿಂದ ಓಡಿಬಂದರು. “ರೀ, ಕಣದ ಮೇಲೆ ಲಾರಿನಾ? ಆಯಿಲ್ ಬಿದ್ರೆ ನಾಳೆ ಕಾಫಿಗೆಲ್ಲ ವಾಸ್ನೆ ಹೊಡಿತೈತೆ ಕಣ್ರೀ.”

“ಕಾಫಿ ತೊಳಿಬೋದು ರೈಟ್ರೇ. ಮನುಷ್ಯನ ಮೇಲೆ ಹಚ್ಚಿದ್ದ ತೊಳೆಯಕ್ಕೆ ಬಂದಿವ್ನಿ, ಸ್ವಲ್ಪ ಸುಮ್ನಿರಿ” ಅಂದರು ಮೇಸ್ತ್ರಿ. ರೈಟರಿಗೆ ಅರ್ಥವಾಗಲಿಲ್ಲ, ಆದರೂ ಸುಮ್ಮನಾದರು. ಮುಂದೇನಾಗುತ್ತದೆ ನೋಡುವ ಆಸೆ ಅವರಿಗೂ ಇತ್ತು. ಸುಣ್ಣ ಇಳಿಸಲು ಬಂದಿದ್ದ ಆಳುಗಳೂ ಸುತ್ತ ನಿಂತರು.

ಮೇಸ್ತ್ರಿ ದಾರದ ಒಂದು ತುದಿ ನನ್ನ ಕೈಗೆ ಕೊಟ್ಟರು. ಎಡಗಡೆ ಚಕ್ರದ ನಡುವಿನಿಂದ ಚಕ್ರದ ನಡುವಿಗೆ ಹಿಡಿದು ಗಂಟು ಹಾಕಿದರು. ಬಲಗಡೆಗೆ ಹೋದೆವು. ನಾನು ಮುಂದಿನ ಚಕ್ರದ ನಡುವೆ ತುದಿ ಒತ್ತಿ ಹಿಡಿದೆ, ಅವರು ಎಳೆದರು. ಗಂಟು ಹಿಂದಿನ ಚಕ್ರದ ನಡುವಿಗೆ ಮುಟ್ಟಲೇ ಇಲ್ಲ. ಎರಡು ಬೆರಳು ಈಚೆಗೇ ನಿಂತಿತು. ಖಾಲಿ ಲಾರಿಯಲ್ಲಿ ನೆಟ್ಟಗಿದ್ದ ಹೌಸಿಂಗು, ಭಾರ ಹೊತ್ತು ಏರು ಹತ್ತಿದ ಮೇಲೆ ಬಲಗಡೆ ಎರಡು ಬೆರಳು ಹಿಂದಕ್ಕೆ ಸರಿದು ಕೂತಿತ್ತು. ಎಂಟು ಚಕ್ರಗಳಲ್ಲಿ ನಾಲ್ಕು ಒಂದು ಕಡೆ ಹೋಗೋಣ ಅಂದರೆ ನಾಲ್ಕು ಇನ್ನೊಂದು ಕಡೆ ಅನ್ನುತ್ತಿದ್ದವು. ಆ ಜಗಳದಲ್ಲಿ ಟೈರು ಸವೆಯುತ್ತಿತ್ತು.

ಮೇಸ್ತ್ರಿ ಹಾರೆ ಹಿಡಿದು ಲಾರಿಯ ಕೆಳಗೆ ತೂರಿಕೊಂಡರು. ಹೌಸಿಂಗನ್ನು ಚಾಸಿಗೆ ಹಿಡಿದಿಡುವ ಉದ್ದನೆಯ ರಾಡು ಇರುತ್ತದೆ, ಅದರ ತುದಿಯಲ್ಲಿ, ಅದು ಅಲುಗದಂತೆ ಬಿಗಿಯುವ ದಪ್ಪನೆಯ ರಬ್ಬರ್ ಬಳೆ, ಬುಷ್. ಹಾರೆ ಹಾಕಿ ಮೀಟಿದರು. ಟಕ್. ಇನ್ನೊಮ್ಮೆ ಮೀಟಿದರು. ಟಕ್. ಈಚೆ ಬಂದು ಅಂಗೈ ಬಿಚ್ಚಿ ಸಾಹುಕಾರರಿಗೆ ತೋರಿಸಿದರು. ಪುಡಿಪುಡಿಯಾದ ರಬ್ಬರು, ಹುರಿದು ಬೀಸಿದ ಕಾಫಿಯ ಹಾಗೆ.

“ಸಾವ್ಕಾರ್ರೇ, ತಪ್ಪು ಗಾಡೀದು. ಅದಕ್ಕಿಂತ ದೊಡ್ಡ ತಪ್ಪು ನಂದು. ಖಾಲಿ ಗಾಡಿ ನೋಡಿ ತೀರ್ಮಾನ ಹೇಳ್ಬುಟ್ಟೆ. ಇವನು ಬ್ರೇಕ್ ಡ್ರೈವರ್ ಅಲ್ಲ. ಯಾರಾದ್ರೂ ಇನ್ಮೇಲೆ ಹಂಗಂದ್ರೆ ನನ್ನ ಹತ್ರ ಕಳ್ಸಿ.”

ಅಷ್ಟು ಜನರ ಮುಂದೆ, ಗಟ್ಟಿಯಾಗಿ ಹೇಳಿದರು. ನನಗೆ ಕಣ್ಣು ತುಂಬಿತು. ಅದನ್ನು ಮುಚ್ಚಲು ಬಗ್ಗಿ ಚಕ್ರದ ಕಲ್ಲು ಸರಿಮಾಡಿದೆ. ಸಾಹುಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ನಾಳೆಯಿಂದ ಬಂದ್ಬುಡು ಮಾರಾಯ” ಅಂದರು ನನಗೆ.

ನನ್ನ ಜಾಗಕ್ಕೆ ಬಂದಿದ್ದ ಹೊಸ ಡ್ರೈವರನ ಗತಿಯೇನು ಅಂತ ನನಗೆ ಸಂಕಟವಾಯಿತು. ಅವನ ಮುಖ ನೋಡಿದರೆ ಅವನೇ ಎಲ್ಲರಿಗಿಂತ ಖುಷಿಯಾಗಿದ್ದ. ಅವನ ಊರು ಅಲ್ಲೇ ವನಗೂರಿನ ಪಕ್ಕ. “ಜೀಪ್ ನಂಗೆ ಕೊಡ್ಸಿ ಸಾರ್, ಮಧ್ಯಾಹ್ನ ಮನೆಗೋಗಿ ಉಂಡ್ಕಂಡು ಬರ್ಬೋದು” ಅಂತ ರೈಟರನ್ನು ಅಲ್ಲೇ ಕೇಳಿಕೊಂಡ. ಒಂದು ಗಂಟೆಯೊಳಗೆ ನಾವಿಬ್ಬರೂ ಕೀ ಅದಲುಬದಲು ಮಾಡಿಕೊಂಡಿದ್ದೆವು.

ಅದಾದ ಮೇಲೆ ಮೇಸ್ತ್ರಿ ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಯಾವ ಲಾರಿ ಬಂದರೂ ಟೈರು ಮುಟ್ಟುವ ಮೊದಲು ಡ್ರೈವರನ್ನು ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂರಿಸಿ, ಚಾ ತರಿಸಿ, “ಹೇಳು, ಏನಂತೈತೆ ನಿನ್ನ ಗಾಡಿ?” ಅಂತ ಕೇಳುತ್ತಿದ್ದರು. ಕೆಲವರು ಗಾಡಿಯ ವಿಷಯ ಬಿಟ್ಟು ಮನೆಯ ವಿಷಯವನ್ನೆಲ್ಲ ಹೇಳಿ ಹೋಗುತ್ತಿದ್ದರು. ಅವರು ಅದನ್ನೂ ಕೇಳುತ್ತಿದ್ದರು.

ಕಣದ ಕತೆಯನ್ನು ಬಂದವರಿಗೆಲ್ಲ ಅವರೇ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಎರಡು ಬೆರಳು ನಾಲ್ಕು ಬೆರಳಾಯಿತು. ಕೊನೆಗೆ ಒಂದು ಗೇಣಾಯಿತು. “ಗೇಣಾದ್ರೆ ಹೌಸಿಂಗೇ ಕಳಚಿ ಬೀಳ್ತಿತ್ತು ಮೇಸ್ತ್ರೇ” ಅಂತ ನಾನು ತಿದ್ದಿದರೆ, “ದಾರ ಎಳೆದೋನು ನಾನು, ನಿಂಗೇನ್ ಗೊತ್ತು” ಅನ್ನುತ್ತಿದ್ದರು. ತಮ್ಮ ದಡ್ಡತನವನ್ನು ಅಷ್ಟು ಪ್ರೀತಿಯಿಂದ ಬೆಳೆಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಹೆದ್ದಾರಿ ಅಗಲ ಮಾಡಲು ಬಂದಾಗ ಶೆಡ್ಡು ಹೋಯಿತು. ಅಷ್ಟರಲ್ಲಿ ಅವರಿಗೂ ವಯಸ್ಸಾಗಿತ್ತು. ಮಗ್ಗೆಯಲ್ಲಿ ಮಗಳ ಮನೆಗೆ ಹೋಗಿ ನೆಲೆಸಿದರು. ಆ ಕಡೆ ಹೋದಾಗಲೆಲ್ಲ ನಾನು ಲಾರಿ ನಿಲ್ಲಿಸಿ ಮಾತಾಡಿಸಿ ಬರುತ್ತಿದ್ದೆ. ಕೊನೆ ಕೊನೆಗೆ ಹೋಗುವುದು ಕಡಿಮೆಯಾಯಿತು... ನನಗೂ ಸೊಂಟ ನೋವು ಬಂದು ಸ್ಟೀರಿಂಗು ಬಿಟ್ಟೆ, ಆಲೂರಿನಲ್ಲಿ ಮನೆ ಹಿಡಿದು ಕೂತೆ. ಅವರು ಹೋದ ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದು ಹದಿನೈದು ದಿನವಾದ ಮೇಲೆ, ಸಂತೆಯಲ್ಲಿ, ಯಾರದೋ ಬಾಯಿಂದ.

ಈಗ ಮಗಳಿಗೆ ಮದುವೆ ಗೊತ್ತಾಗಿದೆ. ಅವತ್ತು ಹೆಂಡತಿಯ ಸೊಂಟದ ಮೇಲಿದ್ದ ಕೂಸು ಇವಳೇ. ಹೋದ ವಾರ ಲಗ್ನಪತ್ರಿಕೆ ಹಿಡಿದು ಮಗ್ಗೆಗೆ ಹೋದೆ. ಮೇಸ್ತ್ರಿಯ ಮಗಳು ಬಾಗಿಲು ತೆಗೆದು, “ಬನ್ನಿ ಅಣ್ಣ” ಅಂತ ಕರೆದು ಕುರ್ಚಿ ಹಾಕಿದಳು. ಎದುರಿನ ಗೋಡೆಯಲ್ಲಿ ಹಾರ ಹಾಕಿದ ಫೋಟೋ ಇತ್ತು. ಸ್ಟುಡಿಯೋದಲ್ಲಿ ತೆಗೆಸಿದ್ದು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮಂಡಿಯ ಮೇಲೆ ಬೆಳ್ಳಗಿನ ಎರಡು ಕೈ. ಯಾರೋ ಬೇರೆಯವರ ಮನೆಗೆ ಬಂದೆನೇನೋ ಅಂತ ಒಂದು ಗಳಿಗೆ ಅನಿಸಿತು. ಆಮೇಲೆ ಕಣ್ಣು ನೋಡಿ ಗುರುತು ಹಿಡಿದೆ.

ಕಾಫಿ ಕುಡಿದೆ. ಮದುವೆ ಎಲ್ಲಿ, ಗಂಡು ಯಾವೂರು ಅಂತ ಅವಳು ಕೇಳಿದಳು, ಹೇಳಿದೆ. ಎದ್ದು ನಿಂತು ಪತ್ರಿಕೆ ಕೊಟ್ಟೆ. ಕವರಿನ ಮೇಲೆ ಯಾರ ಹೆಸರು ಬರೆಯುವುದು ಅಂತ ಮನೆಯಲ್ಲಿ ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಮೇಸ್ತ್ರಿಯವರಿಗೆ’ ಅಂತಲೇ ಬರೆದಿದ್ದೆ. ಅವಳು ಅದನ್ನು ಓದಿದಳು. ತಪ್ಪು ತಿಳಿದುಕೊಂಡಳೇನೋ ಅಂತ ನಾನು ನೋಡುತ್ತಿದ್ದೆ. ಅವಳು ಸೆರಗಿನಿಂದ ಕವರಿನ ಧೂಳು ಒರೆಸಿ, ಕುರ್ಚಿಯ ಮೇಲೆ ಹತ್ತಿ, ಅದನ್ನು ಫೋಟೋದ ಚೌಕಟ್ಟಿಗೆ ಸಿಕ್ಕಿಸಿಟ್ಟಳು.